ಜೇನುತುಪ್ಪ ಸೂಕ್ಷ್ಮಾಣುಗಳನ್ನು ಕೊಲ್ಲುವುದು ಹೇಗೆ, ಎಲ್ಲಿ ಕೊಲ್ಲುವುದಿಲ್ಲ

ಒಂದು ಚಮಚ ಜೇನುತುಪ್ಪವನ್ನು ಬಿಗಿ ಮುಚ್ಚಳದ ಪುಟ್ಟ ಬಾಟಲಿಯಲ್ಲಿ ಹಾಕಿಡಿ. ಇನ್ನೊಂದು ಚಮಚವನ್ನು ನಾಲ್ಕು ಚಮಚ ನೀರಿನಲ್ಲಿ ಕದಡಿ ಅದರ ಪಕ್ಕದಲ್ಲಿಡಿ. ಮೊದಲನೆಯದು ವರ್ಷ ಕಳೆದರೂ ಬೂಷ್ಟು ಹಿಡಿಯುವುದಿಲ್ಲ. ಎರಡನೆಯದು ವಾರ, ಎರಡು ವಾರದೊಳಗೆ ನೊರೆ ಕಟ್ಟಿ ಹುಳಿ ವಾಸನೆ ಬೀರುತ್ತದೆ. ಒಂದೇ ಜೇನು, ಎರಡು ಗತಿ. ವ್ಯತ್ಯಾಸ ಇರುವುದು ನೀರಿನಲ್ಲಿ. ಗಾಯಕ್ಕೆ ಹಚ್ಚಬಹುದೇ, ಬಿಸಿ ಮಾಡಬಹುದೇ, ನುಂಗಿದರೆ ಸೋಂಕು ಹೋಗುತ್ತದೆಯೇ ಎಂದು ಜನ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಕೊನೆಗೆ ಬಂದು ನಿಲ್ಲುವುದು ಈ ನೀರಿನ ಲೆಕ್ಕದಲ್ಲೇ.

ಆ ಪ್ರಶ್ನೆಗಳು ಈಗ ಮತ್ತೆ ಎದ್ದಿರುವುದಕ್ಕೆ ಕಾರಣವಿದೆ. ಆ್ಯಂಟಿಬಯೋಟಿಕ್‌ಗಳಿಗೆ ಜಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತಿವೆ, ಸಾಮಾನ್ಯ ಕೆಮ್ಮಿಗೆ ಅವನ್ನು ಬರೆದುಕೊಡಲು ವೈದ್ಯರು ಹಿಂದೇಟು ಹಾಕುತ್ತಿದ್ದಾರೆ. ಅತ್ತ ಶುದ್ಧೀಕರಿಸಿದ ಜೇನು ತುಂಬಿದ ಟ್ಯೂಬುಗಳು, ಜೇನು ಹೀರಿಸಿದ ಪಟ್ಟಿಗಳು ಆಸ್ಪತ್ರೆಗಳ ಗಾಯದ ವಿಭಾಗಕ್ಕೆ ಬಂದಿವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಇಂಥ ಪಟ್ಟಿಗೆ ಅನುಮತಿ ಕೊಟ್ಟದ್ದು 2007ರಲ್ಲಿ. ಮದ್ದೇನೋ ಹಳೆಯದು. ಸುಮಾರು ಕ್ರಿ.ಪೂ. 1600ರ ಈಜಿಪ್ಟಿನ ಪಪೈರಸ್‌ನಲ್ಲಿ ಗಾಯಕ್ಕೆ ಜೇನು, ಕೊಬ್ಬು, ನಾರಿನ ಪಟ್ಟಿ ಇವೆ. ಸುಶ್ರುತನೂ ಜೇನನ್ನು ಗಾಯ ಕೂಡಿಸುವ, ಮಾಯಿಸುವ ದ್ರವ್ಯಗಳ ಸಾಲಿನಲ್ಲಿ ಹೇಳುತ್ತಾನೆ. ಹಳೆಯದು ಎಂಬುದೇ ಪುರಾವೆಯಾಗುವುದಿಲ್ಲ, ಆದರೆ ಇಷ್ಟು ಕಾಲ ಬಿಡದೆ ಬಳಸಿದ್ದರ ಹಿಂದೆ ಏನಿದೆ ಎಂದು ನೋಡುವುದಕ್ಕೆ ಅದು ಒಳ್ಳೆಯ ನೆಪ.

ನೀರಿದೆ, ಕುಡಿಯಲು ಸಿಗದು

100 ಗ್ರಾಂ ಜೇನುತುಪ್ಪದಲ್ಲಿ ಸುಮಾರು 80 ಗ್ರಾಂ ಸಕ್ಕರೆಗಳು, 17ರಿಂದ 18 ಗ್ರಾಂ ನೀರು. ಸಕ್ಕರೆಗಳಲ್ಲಿ ದೊಡ್ಡ ಪಾಲು ಎರಡರದು: ಫ್ರಕ್ಟೋಸ್ ಸುಮಾರು 38 ಗ್ರಾಂ, ಗ್ಲೂಕೋಸ್ ಸುಮಾರು 31 ಗ್ರಾಂ. ಇಷ್ಟು ಸ್ವಲ್ಪ ನೀರಿಗೆ ಇಷ್ಟು ಸಕ್ಕರೆ ಸೇರಿದರೆ ನೀರಿನ ಕಣಗಳೆಲ್ಲ ಸಕ್ಕರೆಯ ಹಿಡಿತಕ್ಕೆ ಸಿಕ್ಕಿಬಿಡುತ್ತವೆ. ನೀರು ಇದ್ದೂ ಇಲ್ಲದಂತೆ.

ಹೀಗೆ ಯಾರ ಹಿಡಿತಕ್ಕೂ ಸಿಗದೆ ಬಿಡುವಾಗಿರುವ ನೀರನ್ನು ಅಳೆಯಲು ಸೊನ್ನೆಯಿಂದ ಒಂದರವರೆಗಿನ ಒಂದು ಮಾಪಕವಿದೆ. ಶುದ್ಧ ನೀರಿಗೆ 1. ಹೆಚ್ಚಿನ ಬ್ಯಾಕ್ಟೀರಿಯಾಗಳು ಬೆಳೆಯಲು 0.91ಕ್ಕಿಂತ ಮೇಲಿರಬೇಕು. ಗಾಯಗಳಲ್ಲಿ ಕೀವು ತರಿಸುವ ಸ್ಟೆಫಿಲೊಕಾಕಸ್ ಆರಿಯಸ್ ಗಟ್ಟಿಪಿಂಡ, ಅದು 0.86ರಲ್ಲೂ ಹೇಗೋ ಬದುಕು ಸಾಗಿಸುತ್ತದೆ. ಜೇನುತುಪ್ಪದ ಅಂಕಿ ಸುಮಾರು 0.6. ಅಲ್ಲಿ ಬಿದ್ದ ಬ್ಯಾಕ್ಟೀರಿಯಾಕ್ಕೆ ನೀರು ಸಿಗುವುದಿಲ್ಲ ಎಂಬುದಷ್ಟೇ ಅಲ್ಲ, ಅದರ ಮೈಯೊಳಗಿನ ನೀರೂ ಹೊರಗೆ ಸೆಳೆದುಹೋಗುತ್ತದೆ. ಹೆಚ್ಚಿದ ಸೌತೆಕಾಯಿಗೆ ಉಪ್ಪು ಸವರಿದರೆ ಐದು ನಿಮಿಷದಲ್ಲಿ ತಟ್ಟೆಯಲ್ಲಿ ನೀರು ನಿಲ್ಲುತ್ತದಲ್ಲ, ಅದೇ ಸೆಳೆತ ಇದು.

ಇಲ್ಲೊಂದು ಸೂಕ್ಷ್ಮ ಇದೆ, ಮುಂದೆ ಬೇಕಾಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲದಲ್ಲಿ ಗಟ್ಟಿ ಕವಚ ಹೊದ್ದು ಮಲಗಿಬಿಡುತ್ತವೆ. ಈ ಸ್ಥಿತಿಗೆ ಬೀಜಾಣು ಎನ್ನುತ್ತಾರೆ. ಕಾಳು ಒಣಗಿ ವರ್ಷಗಟ್ಟಲೆ ಬಿದ್ದಿದ್ದು ನೀರು ಸೋಕಿದಾಗ ಮೊಳೆಯುವ ಹಾಗೆ. ಬೀಜಾಣುಗಳನ್ನು ಜೇನು ಬೆಳೆಯಲು ಬಿಡುವುದಿಲ್ಲ, ಆದರೆ ಕೊಲ್ಲುವುದೂ ಇಲ್ಲ.

ಸಕ್ಕರೆಯಿಂದಲೇ ಎಲ್ಲ ಆಗುವುದಾದರೆ ಗಟ್ಟಿ ಸಕ್ಕರೆ ಪಾಕವೂ ಇಷ್ಟೇ ಕೆಲಸ ಮಾಡಬೇಕಿತ್ತು. ಮಾಡುವುದಿಲ್ಲ. ಜೇನಿನಲ್ಲಿರುವ ಪ್ರಮಾಣದಲ್ಲೇ ಸಕ್ಕರೆಗಳನ್ನು ಬೆರೆಸಿ ಮಾಡಿದ ನಕಲಿ ಜೇನಿಗೆ ನೀರು ಹಾಕುತ್ತಾ ಹೋದರೆ ಸ್ಟೆಫಿಲೊಕಾಕಸ್ ಅನ್ನು ತಡೆಯುವ ಶಕ್ತಿ ಬೇಗನೆ ಹೋಗಿಬಿಡುತ್ತದೆ; ಮಿಶ್ರಣದಲ್ಲಿ ಸುಮಾರು ಮೂರನೇ ಒಂದು ಪಾಲು ಅದೇ ಇರಬೇಕು. ಒಳ್ಳೆಯ ನಿಜ ಜೇನು ಅದರ ಎಷ್ಟೋ ಪಟ್ಟು ತೆಳುವಾದಾಗಲೂ ತಡೆಯುತ್ತದೆ. ಹಾಗಾದರೆ ಒಳಗೆ ಬೇರೇನೋ ಇದೆ.

ನೀರು ಬೆರೆತಾಗ ಎಚ್ಚರಗೊಳ್ಳುವ ಕಿಣ್ವ

ಹೂವಿನಿಂದ ಜೇನ್ನೊಣ ತರುವ ಮಕರಂದ ನೀರುನೀರು. ಅದನ್ನು ಬಾಯಿಂದ ಬಾಯಿಗೆ ದಾಟಿಸಿ, ರೆಕ್ಕೆ ಬೀಸಿ ಒಣಗಿಸಿ ಗಟ್ಟಿ ಮಾಡುವ ದಿನಗಳಲ್ಲಿ ಅದು ಹುಳಿತು ಹೋಗುವ ಅಪಾಯ ಇದ್ದೇ ಇದೆ. ನೊಣ ಅದಕ್ಕೊಂದು ಉಪಾಯ ಮಾಡಿಕೊಂಡಿದೆ: ತನ್ನ ತಲೆಯ ಗ್ರಂಥಿಗಳಿಂದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಮಕರಂದಕ್ಕೆ ಬೆರೆಸುತ್ತದೆ. ಕಿಣ್ವ ಎಂದರೆ ತಾನು ಖರ್ಚಾಗದೆ ಒಂದು ರಾಸಾಯನಿಕ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಪ್ರೋಟೀನು. ಇದು ಗ್ಲೂಕೋಸ್‌ನಿಂದ ಎರಡು ವಸ್ತುಗಳನ್ನು ಹುಟ್ಟಿಸುತ್ತದೆ. ಒಂದು, ಗ್ಲೂಕೋನಿಕ್ ಆಮ್ಲ. ಇನ್ನೊಂದು, ಗಾಯ ತೊಳೆಯಲು ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್.

ಆಮ್ಲದಿಂದಾಗಿ ಜೇನಿನ ಪಿಎಚ್, ಅಂದರೆ ಅಂಕಿ ಇಳಿದಷ್ಟೂ ಹುಳಿ ಹೆಚ್ಚು ಎಂದು ತೋರಿಸುವ ಅಳತೆ, 3.2ರಿಂದ 4.5ರ ನಡುವೆ ಇರುತ್ತದೆ, ಸರಾಸರಿ 3.9. ಹೆಚ್ಚುಕಡಿಮೆ ಟೊಮೆಟೊದಷ್ಟು ಹುಳಿ. ಸಿಹಿ ಅದನ್ನು ಮುಚ್ಚಿಡುತ್ತದೆ, ಅಷ್ಟೇ. ರೋಗ ತರುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವಕ್ಕೆ 7ರ ಆಸುಪಾಸು ಹಿತ.

ಇನ್ನು ಪೆರಾಕ್ಸೈಡ್. ಜೇನಿನಲ್ಲಿ ಏನೋ ತಡೆಯುವ ವಸ್ತು ಇದೆ ಎಂದು ಕಂಡುಕೊಂಡವರು 1937ರಲ್ಲಿ ಅದಕ್ಕೆ ಇನ್‌ಹಿಬಿನ್ ಎಂದು ಹೆಸರಿಟ್ಟಿದ್ದರು. ಅದು ಪೆರಾಕ್ಸೈಡೇ ಎಂದು ತಿಳಿದದ್ದು 1960ರ ದಶಕದಲ್ಲಿ. ಮಜಾ ಏನೆಂದರೆ ಗಟ್ಟಿ ಜೇನಿನಲ್ಲಿ ಈ ಕಿಣ್ವ ಕೆಲಸ ಮಾಡುವುದೇ ಇಲ್ಲ. ಅದಕ್ಕೂ ಬಿಡುವು ನೀರು ಬೇಕು. ಗಾಯದ ರಸಿಗೆ ಬೆರೆತು ಜೇನು ತೆಳುವಾದಾಗ ಅದು ಎದ್ದು ಕೂರುತ್ತದೆ. ಮಿಶ್ರಣದಲ್ಲಿ ಜೇನು 30ರಿಂದ 50 ಶೇಕಡಾ ಇರುವಾಗ ಪೆರಾಕ್ಸೈಡ್ ಹುಟ್ಟುವುದು ಅತಿ ಹೆಚ್ಚು. ಮೊದಲ ಕಾವಲುಗಾರ ಸುಸ್ತಾದ ಹೊತ್ತಿಗೆ ಎರಡನೆಯವನು ಪಾಳಿಗೆ ಬರುವ ವ್ಯವಸ್ಥೆ.

ಔಷಧಿ ಅಂಗಡಿಯ ಪೆರಾಕ್ಸೈಡ್ 3 ಶೇಕಡಾ ದ್ರಾವಣ. ಜೇನಿನಲ್ಲಿ ಹುಟ್ಟುವುದು ಅದರ ಸಾವಿರದ ಒಂದು ಪಾಲಿನಷ್ಟು. ಕಡಿಮೆಯಾಯಿತಲ್ಲ ಅನ್ನಿಸಬಹುದು. ಆದರೆ ಕೊಡ ಒಮ್ಮೆಗೇ ಬಗ್ಗಿಸುವುದಕ್ಕೂ ನಲ್ಲಿ ರಾತ್ರಿಯಿಡೀ ತೊಟ್ಟಿಕ್ಕುವುದಕ್ಕೂ ವ್ಯತ್ಯಾಸವಿದೆ. ಬಾಟಲಿಯ ದ್ರಾವಣ ಬುರುಬುರು ನೊರೆಯೆದ್ದು ಕೆಲವೇ ಕ್ಷಣದಲ್ಲಿ ಮುಗಿಯುತ್ತದೆ, ಜೊತೆಗೆ ಹೊಸದಾಗಿ ಬೆಳೆಯುತ್ತಿರುವ ಚರ್ಮದ ಕೋಶಗಳನ್ನೂ ಸುಡುತ್ತದೆ. ಜೇನಿನದು ಗಂಟೆಗಟ್ಟಲೆ ಸಣ್ಣಗೆ ಬರುತ್ತಲೇ ಇರುತ್ತದೆ.

ಈ ಎರಡನೇ ಕಾವಲಿನ ದೌರ್ಬಲ್ಯ ಮೂರು. ಬಿಸಿ ತಾಗಿದರೆ ಕಿಣ್ವ ಕೆಡುತ್ತದೆ. ಬೆಳಕೂ ಅದಕ್ಕೆ ಆಗದು. ನಮ್ಮ ರಕ್ತದಲ್ಲಿ, ಗಾಯದ ರಸಿಗೆಯಲ್ಲಿ ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವವಿದೆ, ಅದು ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡಿಬಿಡುತ್ತದೆ.

ಗಾಜಿನ ತಟ್ಟೆಯಲ್ಲಿ ಸಿಕ್ಕ ಮೂರನೇ ಅಸ್ತ್ರ

ಜೇನಿನ ಶಕ್ತಿಯನ್ನು ಪ್ರಯೋಗಾಲಯದಲ್ಲಿ ಅಳೆಯುವ ಕ್ರಮ ಸರಳ. ಚಪ್ಪಟೆ ತಟ್ಟೆಯಲ್ಲಿ ಅಗಾರ್ ಎಂಬ ಗಟ್ಟಿ ಗಂಜಿಯಂಥ ಪದಾರ್ಥ ಹರಡಿ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ನಡುನಡುವೆ ಸಣ್ಣ ಕುಳಿ ಕೊರೆದು ತೆಳುಮಾಡಿದ ಜೇನನ್ನು ತುಂಬುತ್ತಾರೆ. ಮರುದಿನ ತಟ್ಟೆಯೆಲ್ಲ ಬ್ಯಾಕ್ಟೀರಿಯಾದಿಂದ ಮಬ್ಬಾಗಿರುತ್ತದೆ, ಜೇನಿನ ಕುಳಿಯ ಸುತ್ತ ಮಾತ್ರ ತಿಳಿಯಾದ ಉಂಗುರ. ಉಂಗುರ ಅಗಲವಾದಷ್ಟೂ ಶಕ್ತಿ ಹೆಚ್ಚು. ಫೀನಾಲ್ ಎಂಬ ಕ್ರಿಮಿನಾಶಕದ ಗೊತ್ತಿರುವ ದ್ರಾವಣಗಳ ಉಂಗುರದೊಂದಿಗೆ ಹೋಲಿಸಿ ಅಂಕಿ ಕೊಡುತ್ತಾರೆ.

ಈ ಜೇನಿಗೆ ಮೊದಲೇ ಕ್ಯಾಟಲೇಸ್ ಬೆರೆಸಿದರೆ ಪೆರಾಕ್ಸೈಡ್ ನಾಶವಾಗುತ್ತದೆ, ಹೆಚ್ಚಿನ ಜೇನುಗಳ ಉಂಗುರ ಮಾಯವಾಗುತ್ತದೆ. ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದ ಪೀಟರ್ ಮೋಲನ್ 1980ರ ದಶಕದಲ್ಲಿ ಅಲ್ಲಿನ ಮನುಕಾ ಪೊದೆಯ ಜೇನನ್ನು ಪರೀಕ್ಷಿಸುತ್ತಿದ್ದಾಗ ಉಂಗುರ ಹೋಗಲಿಲ್ಲ. ಕಾರಣವಾದ ವಸ್ತು ಮಿಥೈಲ್‌ಗ್ಲೈಆಕ್ಸಾಲ್ ಎಂದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹೆನ್ಲೆ ಅವರ ತಂಡ 2008ರಲ್ಲಿ ತೋರಿಸಿತು. ಮನುಕಾ ಹೂವಿನ ಮಕರಂದದಲ್ಲಿರುವ ಡೈಹೈಡ್ರಾಕ್ಸಿಅಸಿಟೋನ್ ಎಂಬ ವಸ್ತು ಜೇನು ಮಾಗುತ್ತಾ, ಸಂಗ್ರಹದಲ್ಲಿ ಕೂರುತ್ತಾ ನಿಧಾನಕ್ಕೆ ಮಿಥೈಲ್‌ಗ್ಲೈಆಕ್ಸಾಲ್ ಆಗುತ್ತದೆ.

ಮನುಕಾ ಬಾಟಲಿಗಳ ಮೇಲಿನ ಅಂಕಿಗಳು ಇದಕ್ಕೆ ಸಂಬಂಧಿಸಿದವು. ಎಂಜಿಒ ಎಂದರೆ ಒಂದು ಕಿಲೋ ಜೇನಿನಲ್ಲಿ ಎಷ್ಟು ಮಿಲಿಗ್ರಾಂ ಮಿಥೈಲ್‌ಗ್ಲೈಆಕ್ಸಾಲ್ ಎಂಬ ನೇರ ಲೆಕ್ಕ. ಯುಎಂಎಫ್ ಎಂಬುದು ಹಳೆಯ ಫೀನಾಲ್ ಹೋಲಿಕೆಯಿಂದ ಬಂದ ದರ್ಜೆ: ಯುಎಂಎಫ್ 10 ಎಂದರೆ ಕಿಲೋಗೆ ಕನಿಷ್ಠ 263 ಮಿಲಿಗ್ರಾಂ, 15 ಎಂದರೆ 514, 20 ಎಂದರೆ 829. ಬೇರೆ ಹೂಗಳ ಜೇನಿನಲ್ಲಿ ಸಾಮಾನ್ಯವಾಗಿ ಇದು 10 ಮಿಲಿಗ್ರಾಂ ದಾಟುವುದಿಲ್ಲ. ಈ ಅಂಕಿ ಗಾಯದ ಮೇಲೆ ಅರ್ಥಪೂರ್ಣ. ಬ್ರೆಡ್ಡಿನ ಮೇಲೆ ಅಷ್ಟಿಲ್ಲ, ಬೆಲೆ ಏನೇ ಇರಲಿ.

ನಾಲ್ಕನೆಯದೂ ಒಂದಿದೆ. ಜೇನ್ನೊಣದ ಸ್ವಂತ ರೋಗನಿರೋಧಕ ವ್ಯವಸ್ಥೆಯ ಡಿಫೆನ್ಸಿನ್-1 ಎಂಬ ಪ್ರೋಟೀನು ಜೇನಿನಲ್ಲೂ ಇದೆ ಎಂದು 2010ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಕಂಡುಕೊಂಡರು. ಆದರೆ ಅದರ ಪ್ರಮಾಣ ಜೇನಿನಿಂದ ಜೇನಿಗೆ ತೀರಾ ವ್ಯತ್ಯಾಸವಾಗುತ್ತದೆ.

ಹೀಗೆ ಬರ, ಹುಳಿ, ಪೆರಾಕ್ಸೈಡ್, ಜೊತೆಗೆ ಹೂವಿಗೋ ನೊಣಕ್ಕೋ ಸೇರಿದ ವಿಶೇಷ ವಸ್ತು ಎಲ್ಲ ಒಟ್ಟಿಗೇ ಬೀಳುವುದರಿಂದ ಬ್ಯಾಕ್ಟೀರಿಯಾಗಳು ಜೇನಿಗೆ ಒಗ್ಗಿಕೊಳ್ಳುವುದು ಪ್ರಯೋಗಾಲಯದಲ್ಲೂ ಸುಲಭವಾಗಿ ಆಗುವುದಿಲ್ಲ. ಮೆಥಿಸಿಲಿನ್ ಎಂಬ ಆ್ಯಂಟಿಬಯೋಟಿಕ್‌ಗೆ ಜಗ್ಗದ ಸ್ಟೆಫಿಲೊಕಾಕಸ್ ಕೂಡ ತಟ್ಟೆಯ ಮೇಲೆ ಜೇನಿಗೆ ಬಗ್ಗುತ್ತದೆ. ತಟ್ಟೆಯ ಮೇಲೆ ಎಂಬುದನ್ನು ಗಮನಿಸಿ.

ಗಾಯದೊಳಗೆ ಆಗುವುದೇನು

ಗಾಯಕ್ಕೆ ಜೇನು ಬಿದ್ದೊಡನೆ ಅದು ಅಡಿಯ ಅಂಗಾಂಶದಿಂದ ದ್ರವವನ್ನು ಮೇಲಕ್ಕೆ ಸೆಳೆಯುತ್ತದೆ. ಈ ಒಸರು ಸತ್ತ ಅಂಗಾಂಶವನ್ನೂ ಹಕ್ಕಳೆಯನ್ನೂ ನೆನೆಸಿ ಸಡಿಲ ಮಾಡುತ್ತದೆ. ಪಟ್ಟಿ ತೆಗೆದಾಗ ಅವು ಎಳೆದಾಡದೆ ಬರುತ್ತವೆ. ಗಾಯದ ಮೇಲೆ ಒದ್ದೆ ಪದರ ಇರುವುದರಿಂದ ಬಟ್ಟೆ ಅಂಟುವುದಿಲ್ಲ, ಹೊಸ ಚರ್ಮ ಕಿತ್ತುಬರುವುದಿಲ್ಲ.

ಕೊಳೆತ ಗಾಯದ ದುರ್ವಾಸನೆ ತಗ್ಗುವುದು ರೋಗಿಗೆ ಎಲ್ಲಕ್ಕಿಂತ ಮೊದಲು ಗೊತ್ತಾಗುವ ಬದಲಾವಣೆ. ಬ್ಯಾಕ್ಟೀರಿಯಾಗಳು ಗಾಯದ ಪ್ರೋಟೀನು ತಿಂದಾಗ ಅಮೋನಿಯ, ಗಂಧಕದ ಅನಿಲಗಳು ಹೊರಬರುತ್ತವೆ, ನಾತಕ್ಕೆ ಕಾರಣ ಅವೇ. ಎದುರಿಗೆ ಬೇಕಾದಷ್ಟು ಗ್ಲೂಕೋಸ್ ಸಿಕ್ಕಾಗ ಅವು ಪ್ರೋಟೀನು ಬಿಟ್ಟು ಅದಕ್ಕೆ ಬಾಯಿ ಹಾಕುತ್ತವೆ. ಆಗ ಹುಟ್ಟುವುದು ವಾಸನೆಯಿಲ್ಲದ ಲ್ಯಾಕ್ಟಿಕ್ ಆಮ್ಲ.

ಸಂಶೋಧನೆಗಳನ್ನೆಲ್ಲ ಒಟ್ಟು ಹಾಕಿ ತೂಗುವ ಕಾಕ್ರೇನ್ ಪರಿಶೀಲನೆ 2015ರಲ್ಲಿ ಹೇಳಿದ್ದು ಹೀಗಿದೆ. ಚರ್ಮದ ಮೇಲ್ಪದರವೂ ಅದರಡಿಯ ಸ್ವಲ್ಪವೂ ಸುಟ್ಟ ಗಾಯಗಳು ಜೇನಿನಿಂದ ಸಾಮಾನ್ಯ ಪಟ್ಟಿಗಳಿಗಿಂತ ನಾಲ್ಕೈದು ದಿನ ಬೇಗ ಮಾಯುತ್ತವೆ. ಶಸ್ತ್ರಚಿಕಿತ್ಸೆಯ ನಂತರ ನಂಜಾದ ಗಾಯಗಳಲ್ಲೂ ನಂಜುನಾಶಕ ಹಾಕಿ ಗಾಜ್ ಬಟ್ಟೆ ಕಟ್ಟುವುದಕ್ಕಿಂತ ಜೇನು ಮೇಲು. ಕಾಲಿನ ರಕ್ತನಾಳದ ತೊಂದರೆಯಿಂದಾದ ಹುಣ್ಣುಗಳಲ್ಲಿ, ಬಿಗಿಪಟ್ಟಿಯ ಚಿಕಿತ್ಸೆಗೆ ಜೇನು ಸೇರಿಸಿದ್ದರಿಂದ ಲಾಭ ಕಾಣಲಿಲ್ಲ. ಆ ಹುಣ್ಣಿನ ಮೂಲ ರಕ್ತಸಂಚಾರದಲ್ಲಿದೆ, ಮೇಲೆ ಹಚ್ಚಿದ್ದು ಅಲ್ಲಿಗೆ ತಲುಪುವುದಿಲ್ಲ. ಮಧುಮೇಹಿಗಳ ಪಾದದ ಹುಣ್ಣಿನ ಬಗ್ಗೆ ಖಚಿತವಾಗಿ ಹೇಳುವಷ್ಟು ಪುರಾವೆ ಸಿಗಲಿಲ್ಲ. ಅಂಥ ಹುಣ್ಣಿಗೆ ಮನೆಯಲ್ಲೇ ಜೇನು ಹಚ್ಚಿ ಕಾಯುವುದು ಅಪಾಯ: ನೋವು ತಿಳಿಯದ ಪಾದದಲ್ಲಿ ಸೋಂಕು ಮೂಳೆಗೆ ಇಳಿದರೂ ಮೇಲಿಂದ ಕಾಣುವುದಿಲ್ಲ.

ಅಡುಗೆಮನೆಯ ಬಾಟಲಿ, ಆಸ್ಪತ್ರೆಯ ಟ್ಯೂಬು

ತಿನ್ನುವ ಜೇನಿನಲ್ಲಿ ಬೀಜಾಣು ಇರಬಹುದು. ಅದರ ಕಿಣ್ವ ಕಾರ್ಖಾನೆಯ ಬಿಸಿಗೆ ಸತ್ತಿರಬಹುದು. ಯಾವ ಹೂವಿನದು, ಶಕ್ತಿ ಎಷ್ಟು ಎಂಬುದೂ ಗೊತ್ತಿರುವುದಿಲ್ಲ. ವೈದ್ಯಕೀಯ ದರ್ಜೆಯ ಜೇನಿನಲ್ಲಿ ಶಕ್ತಿಯನ್ನು ಅಳೆದಿರುತ್ತಾರೆ, ಸೋಸಿರುತ್ತಾರೆ, ಮುಖ್ಯವಾಗಿ ಗಾಮಾ ವಿಕಿರಣ ಹಾಯಿಸಿರುತ್ತಾರೆ. ಸಾಮಾನ್ಯ ಪ್ರಮಾಣ 25 ಕಿಲೋಗ್ರೇ. ಬೀಜಾಣು ಸಾಯುವಷ್ಟು ಕಾಯಿಸಿದರೆ ಕಿಣ್ವವೂ ಸಾಯುತ್ತದೆ. ಗಾಮಾ ಕಿರಣದಲ್ಲಿ ಬೀಜಾಣು ಸಾಯುತ್ತದೆ, ಕಿಣ್ವ ಉಳಿಯುತ್ತದೆ. ಇದಕ್ಕೆ ಮನೆಯಲ್ಲಿ ಬದಲಿ ದಾರಿ ಇಲ್ಲ, ಕುದಿಸುವುದಂತೂ ಖಂಡಿತ ಅಲ್ಲ. ಆದ್ದರಿಂದ ತೆರೆದ ಗಾಯಕ್ಕೆ ಟ್ಯೂಬಿನ ಜೇನೇ ಸರಿ. ಕಣ್ಣಿಗೆ, ಕಿವಿಯ ಒಳಗೆ ಅಡುಗೆಮನೆಯ ಜೇನು ಬಿಡಲೇಬಾರದು.

ಪಟ್ಟಿ ಕಟ್ಟುವ ಕ್ರಮ, ಎಡವುವ ಜಾಗಗಳು

ಸುಟ್ಟಿದ್ದರೆ ಮೊದಲು ಜೇನಲ್ಲ, ನೀರು. ಹರಿಯುವ ತಣ್ಣೀರಿನಲ್ಲಿ 20 ನಿಮಿಷ. ಈ ಹೊತ್ತಿನಲ್ಲಿ ಏನನ್ನೇ ಬಳಿದರೂ ಶಾಖ ಒಳಗೇ ಉಳಿಯುತ್ತದೆ. ಅಂಗೈಗಿಂತ ದೊಡ್ಡದಾದ, ಮುಖ, ಕೈ, ಕೀಲು ಅಥವಾ ಜನನಾಂಗದ ಮೇಲಿನ, ಬೆಳ್ಳಗೆ ಇಲ್ಲವೇ ಕಪ್ಪಗೆ ತೊಗಲಿನಂತಾದ ಸುಟ್ಟಗಾಯ ಆಸ್ಪತ್ರೆಯದು. ಪ್ರಾಣಿ ಕಚ್ಚಿದ್ದು, ಆಳವಾಗಿ ಚುಚ್ಚಿದ್ದು, ರಕ್ತ ನಿಲ್ಲದ್ದು ಕೂಡ.

ಉಳಿದ ಗಾಯಕ್ಕೆ, ವೈದ್ಯರು ಒಪ್ಪಿದ ಮೇಲೆ, ಕೈ ತೊಳೆದುಕೊಂಡು ಗಾಯವನ್ನು ಸಲೈನ್‌ನಿಂದ ಇಲ್ಲವೇ ಶುದ್ಧ ಹರಿಯುವ ನೀರಿನಿಂದ ತೊಳೆಯಿರಿ. ಸುತ್ತಲಿನ ಚರ್ಮವನ್ನು ಮಾತ್ರ ಒತ್ತಿ ಒರೆಸಿ. ಟ್ಯೂಬು ಗಟ್ಟಿಯಾಗಿದ್ದರೆ ಎರಡು ಅಂಗೈ ನಡುವೆ ಹಿಡಿದುಕೊಳ್ಳಿ, ಮೈಶಾಖಕ್ಕೇ ಸಡಿಲವಾಗುತ್ತದೆ. ಜೇನನ್ನು ಗಾಯದ ಮೇಲೆ ಸುರಿಯಬೇಡಿ, ಹೀರುವ ಪ್ಯಾಡಿನ ಮೇಲೆ ಹರಡಿ ಆ ಪ್ಯಾಡನ್ನು ಗಾಯಕ್ಕೆ ಕೂರಿಸಿ. ನೇರ ಸುರಿದದ್ದು ಜಾರಿ ಹೋಗುತ್ತದೆ. ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಪ್ಯಾಡಿಗೆ ಸುಮಾರು 20 ಮಿಲಿಲೀಟರ್ ಬೇಕು. ಅಂದರೆ ನಾಲ್ಕು ಟೀ ಚಮಚ, ತೂಕದಲ್ಲಿ 28 ಗ್ರಾಂ ಆಸುಪಾಸು. ತೆಳ್ಳಗೆ ಸವರಿದ ಜೇನು ಒಂದೆರಡು ಗಂಟೆಯಲ್ಲಿ ರಸಿಗೆಯಲ್ಲಿ ಕೊಚ್ಚಿಹೋಗುತ್ತದೆ, ಹೆಚ್ಚಿನವರು ತಪ್ಪುವುದು ಇಲ್ಲೇ. ಕುಳಿಬಿದ್ದ ಗಾಯವಾದರೆ ಕುಳಿಯನ್ನು ಮೊದಲು ಜೇನಿನಿಂದ ತುಂಬಬೇಕು. ಪ್ಯಾಡು ಗಾಯದ ಅಂಚಿನಿಂದ ಎರಡು-ಮೂರು ಸೆಂಟಿಮೀಟರ್ ಆಚೆಗೂ ಚಾಚಿರಲಿ. ಮೇಲೆ ಇನ್ನೊಂದು ಹೀರುವ ಪದರ, ಅದರ ಮೇಲೆ ಅಂಟುಪಟ್ಟಿ.

ಮೊದಲ ದಿನಗಳಲ್ಲಿ ರಸಿಗೆ ಹೆಚ್ಚು, ಏಕೆಂದರೆ ಜೇನೇ ಅದನ್ನು ಸೆಳೆಯುತ್ತಿರುತ್ತದೆ. ಆಗ ದಿನಕ್ಕೊಮ್ಮೆ, ನೆನೆದು ಹೋದರೆ ಎರಡು ಸಲ ಬದಲಿಸಬೇಕು. ಒಸರು ಕಡಿಮೆಯಾದಂತೆ ಎರಡು-ಮೂರು ದಿನಕ್ಕೊಮ್ಮೆ ಸಾಕು. ಗಾಯದ ಸುತ್ತ ಚರ್ಮ ಬಿಳಿಚಿ, ನೀರಲ್ಲಿ ಬಹಳ ಹೊತ್ತು ಇದ್ದ ಬೆರಳಿನಂತೆ ಸುಕ್ಕಾಗಿದ್ದರೆ ಪಟ್ಟಿ ಸಾಕಷ್ಟು ಹೀರುತ್ತಿಲ್ಲ ಎಂದರ್ಥ. ಬೇಗ ಬದಲಿಸಿ, ಅಂಚಿಗೆ ಚರ್ಮ ಕಾಯುವ ಮುಲಾಮು ಹಚ್ಚಿ. ಪ್ಯಾಡು ಅಂಟಿಕೊಂಡಿದ್ದರೆ ಗಾಯ ಒಣಗಿದೆ. ಸಲೈನ್ ಸುರಿದು ನೆನೆಸಿ ತೆಗೆಯಿರಿ, ಕೀಳಬೇಡಿ. ಹಚ್ಚಿದ ಮೇಲೆ ಸ್ವಲ್ಪ ಉರಿಯುವುದು ಕೆಲವರಿಗೆ ಇದೆ, ಹುಳಿಯ ಕಾರಣಕ್ಕೆ. ಅರ್ಧ ಗಂಟೆಯಾದರೂ ನಿಲ್ಲದ ಉರಿಯಾದರೆ ತೊಳೆದುಬಿಡಿ. ಸತ್ತ ಭಾಗ ಕಳಚಿಕೊಂಡಾಗ ಗಾಯ ಮೊದಲಿಗಿಂತ ದೊಡ್ಡದಾದಂತೆ ಕಾಣುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಕೆಂಪು ಸುತ್ತಲೂ ಹರಡಿದರೆ, ಗೆರೆಯಂತೆ ಮೇಲೆ ಏರಿದರೆ, ಜ್ವರ ಬಂದರೆ. ಆಗ ಸೋಂಕು ಜೇನಿನ ಕೈ ಮೀರಿದೆ, ಆ್ಯಂಟಿಬಯೋಟಿಕ್ ಬೇಕು.

ಕೆಮ್ಮಿಗೆ ಕೆಲಸ ಮಾಡುವುದು ಬೇರೆಯೇ ಗುಣ

ನೆಗಡಿಯ ಜೊತೆ ಬರುವ ಕೆಮ್ಮಿಗೆ ಕಾರಣ ಬಹುಪಾಲು ವೈರಸ್. ಇಲ್ಲಿ ಜೇನು ಕೊಲ್ಲುವ ಕೆಲಸ ಮಾಡುತ್ತಿಲ್ಲ. ಕೆರೆಯುವ ಗಂಟಲಿನ ಮೇಲೆ ಮಂದವಾಗಿ ಪದರ ಕಟ್ಟಿ ಕೆಮ್ಮಿನ ಒತ್ತಡ ತಗ್ಗಿಸುತ್ತದೆ. ಗಾಢ ಸಿಹಿ ಬಾಯಲ್ಲಿ ಜೊಲ್ಲು ತರಿಸಿ ಅದಕ್ಕೆ ನೆರವಾಗುತ್ತದೆ. ಹಾಗಾಗಿ ಬಿಸಿ ಪಾನೀಯಕ್ಕೆ ಹಾಕಿ ಕಿಣ್ವ ಸತ್ತರೂ ಕೆಮ್ಮಿನ ಮಟ್ಟಿಗೆ ನಷ್ಟವಿಲ್ಲ. ತೀರಾ ತೆಳು ಮಾಡಿದರೆ ಮಾತ್ರ ಪದರ ಕಟ್ಟುವುದಿಲ್ಲ, ನೇರ ಚಮಚದಿಂದ ನೆಕ್ಕುವುದೇ ಮೇಲು.

ಅಳತೆ: ಒಂದರಿಂದ ಐದು ವರ್ಷದ ಮಗುವಿಗೆ ಅರ್ಧ ಟೀ ಚಮಚ, ಆರರಿಂದ ಹನ್ನೊಂದಕ್ಕೆ ಒಂದು, ಅದಕ್ಕೆ ಮೇಲ್ಪಟ್ಟವರಿಗೆ ಎರಡು. ಮಲಗುವ ಅರ್ಧ ಗಂಟೆ ಮೊದಲು ಕೊಟ್ಟು, ಹಲ್ಲುಜ್ಜಿಸಿ ಮಲಗಿಸಿ. 2018ರ ಕಾಕ್ರೇನ್ ಪರಿಶೀಲನೆಯ ಪ್ರಕಾರ ಮಕ್ಕಳಲ್ಲಿ ಏನೂ ಕೊಡದಿರುವುದಕ್ಕಿಂತ ಜೇನು ಕೊಟ್ಟರೆ ಕೆಮ್ಮು ತಗ್ಗುತ್ತದೆ, ಕೆಮ್ಮಿನ ಸಿರಪ್ಪುಗಳಲ್ಲಿರುವ ಡೆಕ್ಸ್ಟ್ರೊಮೆಥಾರ್ಫಾನ್‌ಗೆ ಹೋಲಿಸಿದರೆ ಹೆಚ್ಚು ವ್ಯತ್ಯಾಸವಿಲ್ಲ. ಅದೇ ವರ್ಷ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯೂ ಇಂಥ ಕೆಮ್ಮಿಗೆ ಆ್ಯಂಟಿಬಯೋಟಿಕ್ ಬದಲು ಮೊದಲು ಜೇನನ್ನು ಸೂಚಿಸಿತು. ಉಸಿರು ಕಟ್ಟುವುದು, ಕಫದಲ್ಲಿ ರಕ್ತ, ಇಳಿಯದ ಜ್ವರ, ಮೂರು ವಾರ ಮೀರಿದ ಕೆಮ್ಮು ಇದ್ದರೆ ವೈದ್ಯರನ್ನು ನೋಡಬೇಕು.

ವರ್ಷ ತುಂಬದ ಕೂಸಿಗೆ ಒಂದು ಹನಿಯೂ ಬೇಡ

ಮೊದಲು ಹೇಳಿದ ಬೀಜಾಣು ಇಲ್ಲಿ ಬರುತ್ತದೆ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಬೀಜಾಣು ಜೇನಿನಲ್ಲಿ ಮಲಗಿರಬಹುದು. ದೊಡ್ಡವರ ಕರುಳಿನಲ್ಲಿ ಆಗಲೇ ನೆಲೆಯೂರಿರುವ ಸೂಕ್ಷ್ಮಾಣುಗಳು ಅದಕ್ಕೆ ಜಾಗ ಕೊಡುವುದಿಲ್ಲ. ಕೂಸಿನ ಕರುಳಿನಲ್ಲಿ ಆ ಕಾವಲು ಇನ್ನೂ ಕೂಡಿಲ್ಲ. ಬೀಜಾಣು ಮೊಳೆತು, ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುವ ವಿಷ ಬಿಡುತ್ತದೆ. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1976ರಲ್ಲಿ, ಅಮೆರಿಕದಲ್ಲಿ.

ಸಾಮಾನ್ಯವಾಗಿ ಮೊದಲ ಲಕ್ಷಣ ಮಲಬದ್ಧತೆ. ಆಮೇಲೆ ಹಾಲು ಚೀಪುವ ಶಕ್ತಿ ಕುಂದುತ್ತದೆ, ಅಳು ಕ್ಷೀಣವಾಗುತ್ತದೆ, ರೆಪ್ಪೆ ಜೋಲುತ್ತದೆ, ಕತ್ತು ನಿಲ್ಲುವುದಿಲ್ಲ, ಕೂಸು ಬಟ್ಟೆಯ ಗೊಂಬೆಯಂತೆ ಸಡಿಲವಾಗುತ್ತದೆ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ನಾಲಿಗೆಗೆ ಸವರುವ ಹನಿ, ಚೀಪುವ ನಿಪ್ಪಲ್ಲಿಗೆ ಹಚ್ಚಿದ್ದು, ಬೇಯಿಸಿದ ತಿಂಡಿಯಲ್ಲಿನ ಜೇನು ಎಲ್ಲಕ್ಕೂ ಇದು ಅನ್ವಯ. ಈ ಬೀಜಾಣುಗಳು ಕುದಿಯುವ ನೀರಿಗೆ ಸಾಯುವುದಿಲ್ಲ; ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್ ಬೇಕು.

ನುಂಗಿದರೆ ಮೈಯ ಸೋಂಕು ಹೋಗುತ್ತದೆಯೇ

ಇಲ್ಲ. ಒಂದು ಟೀ ಚಮಚ ಜೇನು 7 ಗ್ರಾಂ. ಹೊಟ್ಟೆಗೆ ಇಳಿದ ಕೂಡಲೇ ಅದು ತೆಳುವಾಗುತ್ತದೆ, ಸಕ್ಕರೆ ರಕ್ತಕ್ಕೆ ಹೋಗುತ್ತದೆ, ಪೆರಾಕ್ಸೈಡ್ ಒಡೆಯುತ್ತದೆ, ಮಿಥೈಲ್‌ಗ್ಲೈಆಕ್ಸಾಲ್ ದಾರಿಯಲ್ಲೇ ಮುಗಿಯುತ್ತದೆ. ಶ್ವಾಸಕೋಶಕ್ಕೋ ಮೂತ್ರಕೋಶಕ್ಕೋ ತಲುಪಲು ಏನೂ ಉಳಿಯುವುದಿಲ್ಲ. ಉಳಿಯುವುದು ಸಕ್ಕರೆ: ಒಂದು ದೊಡ್ಡ ಚಮಚ, ಅಂದರೆ 21 ಗ್ರಾಂ ಜೇನಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ, 64 ಕ್ಯಾಲರಿ. ಮಿತಿಯಲ್ಲಿಡಬೇಕಾದ ಸಕ್ಕರೆಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜೇನನ್ನೂ ಸೇರಿಸಿದೆ. ಮಧುಮೇಹಿಗಳಿಗೆ ಜೇನು ವಿನಾಯಿತಿ ಅಲ್ಲ.

ಬಿಸಿ, ತೇವ, ಹರಳು

ಹರಳುಗಟ್ಟಿದ ಜೇನು ಕಲಬೆರಕೆಯದಲ್ಲ. ಗ್ಲೂಕೋಸ್ ಬೇರ್ಪಟ್ಟು ಹರಳಾಗಿದೆ, ಅಷ್ಟೇ. 14 ಡಿಗ್ರಿ ಆಸುಪಾಸಿನಲ್ಲಿ ಇದು ಅತಿ ಬೇಗ ಆಗುತ್ತದೆ. ಬಾಟಲಿಯನ್ನು 40 ಡಿಗ್ರಿ ಮೀರದ ನೀರಿನಲ್ಲಿ, ಅಂದರೆ ಕೈ ಆರಾಮವಾಗಿ ಅದ್ದಿಟ್ಟುಕೊಳ್ಳುವಷ್ಟು ಬೆಚ್ಚಗಿನ ನೀರಿನಲ್ಲಿ ಇಟ್ಟರೆ ನಿಧಾನಕ್ಕೆ ಕರಗುತ್ತದೆ. ಒಲೆಯ ಮೇಲೆ ಇಟ್ಟರೆ ಕಿಣ್ವ ಹೋಗುತ್ತದೆ, ಎಚ್‌ಎಂಎಫ್ ಎಂಬ ವಸ್ತು ಏರುತ್ತದೆ. ಜೇನು ಎಷ್ಟು ಕಾದಿದೆ, ಎಷ್ಟು ಹಳತಾಗಿದೆ ಎಂದು ತಿಳಿಯಲು ಅಳೆಯುವುದು ಇದನ್ನೇ: ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಕಿಲೋಗೆ 40 ಮಿಲಿಗ್ರಾಂ, ಉಷ್ಣವಲಯದ ಜೇನಿಗೆ 80 ಮಿತಿ. ಶುದ್ಧತೆ ತಿಳಿಯಲು ನೀರಿಗೆ ಹನಿ ಬಿಡುವುದು, ಬತ್ತಿಗೆ ಅದ್ದಿ ಹಚ್ಚುವುದು ಎಲ್ಲ ನಂಬಲಾಗದ ಪರೀಕ್ಷೆಗಳು. ಅವು ಹೆಚ್ಚೆಂದರೆ ಮಂದವೋ ತೆಳುವೋ ಎಂದು ತೋರಿಸುತ್ತವೆ. ಮಂದವಾದ ಸಕ್ಕರೆ ಪಾಕವೂ ಅವುಗಳಲ್ಲಿ ಪಾಸಾಗುತ್ತದೆ.

ನೀರು 20 ಶೇಕಡಾ ಮೀರಬಾರದು ಎಂಬುದೂ ಅದೇ ಮಾನದಂಡ. ಮುಚ್ಚಳ ತೆರೆದಿಟ್ಟ ಜೇನು ತೇವದ ಗಾಳಿಯಿಂದ ನೀರು ಹೀರುತ್ತದೆ, ಒದ್ದೆ ಚಮಚವೂ ತನ್ನ ಪಾಲು ಸೇರಿಸುತ್ತದೆ. ಹರಳುಗಟ್ಟಿದ ಬಾಟಲಿಯಲ್ಲಿ ಇನ್ನೊಂದು ಸೂಕ್ಷ್ಮ: ಗ್ಲೂಕೋಸ್ ಹರಳಾಗಿ ತಳಕ್ಕೆ ಕೂತಾಗ ಅದು ಹಿಡಿದುಕೊಂಡಿದ್ದ ನೀರು ಬಿಡುಗಡೆಯಾಗಿ ಮೇಲಿನ ತಿಳಿಭಾಗಕ್ಕೆ ಸೇರುತ್ತದೆ. ಇಡೀ ಬಾಟಲಿಯ ಲೆಕ್ಕದಲ್ಲಿ 18 ಶೇಕಡಾ ಇದ್ದರೂ ಆ ಮೇಲ್ಪದರದಲ್ಲಿ 20 ದಾಟಿರಬಹುದು, ಸಕ್ಕರೆಗೆ ಹೆದರದ ಯೀಸ್ಟುಗಳಿಗೆ ಅಷ್ಟು ಸಾಕು. ಮುಚ್ಚಳ ತಿರುಗಿಸಿದಾಗ ಬುಸ್ ಎಂದರೆ, ಅಂಚಿನಲ್ಲಿ ಸಣ್ಣ ಗುಳ್ಳೆಗಳಿದ್ದರೆ, ಹುಳಿ ಹೆಂಡದ ವಾಸನೆ ಇದ್ದರೆ ಆ ಬಾಟಲಿ ಗಂಟಲಿಗೂ ಬೇಡ, ಗಾಯಕ್ಕಂತೂ ಬೇಡವೇ ಬೇಡ.